ಬಾಣವಿಲ್ಲದ ಗುಡ್ಡಗಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಗುಡ್ಡದಕ್ಕ ಎಂದೇ ಕರೆಯುತ್ತಿದ್ದರು. ಅವರು ಕಟ್ಟುತ್ತಿದ್ದ ವಿಡಿಯೋ ಗೇಮಿನಲ್ಲಿ ರಾಜ, ರಾಕ್ಷಸ, ಕತ್ತಿ, ಮಂತ್ರ ಎಲ್ಲ ಬೇರೆಯವರ ಪಾಲು. ನೆಲ, ನೀರು, ಗುಡ್ಡ ಇವಳ ಪಾಲು. ಪಶ್ಚಿಮದ ಗುಡ್ಡಸಾಲೊಂದಕ್ಕೇ ಎರಡು ವರ್ಷ ಜೀವ ತೇದಿದ್ದಳು. ಈಗ ಯಜಮಾನರು ಅದಕ್ಕೇ ಕತ್ತರಿ ಹಿಡಿದು ನಿಂತಿದ್ದರು.

"ಅಲ್ಲಿ ಯುದ್ಧ ಇಲ್ಲ, ನಿಧಿ ಇಲ್ಲ. ಯಾರೂ ಆ ಕಡೆ ತಲೆ ಹಾಕಿಯೂ ಮಲಗಲ್ಲ. ಇವತ್ತಿನ ಆಟ ನೋಡಿ ತೀರ್ಮಾನ ಮಾಡೋಣ," ಎಂದಿದ್ದರು.

ಆಡಿ ನೋಡಲು ಬಂದವರು ನಿವೃತ್ತ ಬಸ್ ಡ್ರೈವರು. ಗಾಜಿನ ಗೋಡೆಯ ಆಚೆ ಅವರು, ಈಚೆ ಯಜಮಾನರು ಮತ್ತು ಗುಡ್ಡದಕ್ಕ. ಆಡುವವರು ಹಾಳುಬಾವಿಗೆ ಬಿದ್ದರೂ ಆಟ ಕಟ್ಟಿದವರು ಬಾಯಿ ಬಿಡಬಾರದು, ಇಲ್ಲಿಯ ನಿಯಮ ಅದು.

ಪರದೆಯ ಮೇಲೆ ರಾಜ ಘಟಸರ್ಪವನ್ನು ಕೊಂದು ಬಾ ಎಂದ. ಡ್ರೈವರು ಅರಮನೆಯಿಂದ ಹೊರಬಂದು ನಿಂತರು. ದಾರಿ ತೋರಿಸುವ ಹಳದಿ ಬಾಣವೇ ಇಲ್ಲ. ಗುಡ್ಡದಕ್ಕನಿಗೆ ಆಗ ನೆನಪಾಯಿತು. ಗುಡ್ಡದ ಮೇಲೆ ಬಿಸಿಲು ಹೇಗೆ ಬೀಳುತ್ತದೆಂದು ನೋಡಲು ನಿನ್ನೆ ಬಾಣಗಳನ್ನೆಲ್ಲ ಮರೆಮಾಡಿದ್ದಳು; ಮತ್ತೆ ಹಾಕಲು ಮರೆತಿದ್ದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

"ಬಾಣ ಎಲ್ರೀ?" ಯಜಮಾನರು ಪಿಸುಗುಟ್ಟಿದರು.

"ನಾನೇ ತೆಗೆದಿದ್ದೆ ಸರ್. ಹಾಕೋಕೆ ಮರೆತೆ."

ಯಜಮಾನರು ಹಣೆ ಚಚ್ಚಿಕೊಂಡರು.

ಡ್ರೈವರು ಅತ್ತ ನೋಡಿದರು, ಇತ್ತ ನೋಡಿದರು. ಪಶ್ಚಿಮದ ಗುಡ್ಡದ ನೆತ್ತಿಯಲ್ಲಿ ಹೊಗೆ ಏಳುತ್ತಿತ್ತು. ಸರಿ, ಆ ಕಡೆಗೇ ಹೊರಟರು. ಹಳ್ಳ ದಾಟಿದರು. ತೋಳ ಕಂಡು ಮರ ಹತ್ತಿದರು. ಜಲಪಾತದ ಹಿಂದೆ ನುಗ್ಗಿ, ಅಲ್ಲಿ ಏನೂ ಸಿಗದಿದ್ದರೂ ಸುಮ್ಮನೆ ನೋಡುತ್ತ ನಿಂತರು. ಹೊಗೆ ಬರುತ್ತಿದ್ದದ್ದು ಒಬ್ಬ ಅಜ್ಜಿಯ ಗುಡಿಸಲಿನಿಂದ. ಅಜ್ಜಿಯ ಆಡು ಕಳೆದುಹೋಗಿತ್ತು. ಅದನ್ನು ಹುಡುಕುತ್ತ ಅರ್ಧ ಗಂಟೆಯ ಆಟ ಎರಡು ಗಂಟೆಯಾಯಿತು. ರಾಜನೂ ಸರ್ಪವೂ ಡ್ರೈವರಿಗೆ ಮರೆತೇಹೋಗಿದ್ದವು.

ಕೊನೆಗೆ ಯಜಮಾನರು ತಡೆಯಲಾರದೆ ಒಳಗೆ ಹೋದರು. ಗುಡ್ಡದಕ್ಕ ಹಿಂದೆಯೇ ಹೋದಳು.

"ಸಮಯ ಮುಗೀತು ಹಿರಿಯರೇ. ದಾರಿ ಗೊತ್ತಾಗದೆ ತೊಂದ್ರೆ ಆಯ್ತೇನೋ."

"ತೊಂದ್ರೆನಾ? ಮೂವತ್ತೊಂದು ವರ್ಷ ಒಂದೇ ರೂಟಲ್ಲಿ ಬಸ್ ಓಡಿಸಿದೀನಿ ಸ್ವಾಮಿ. ಒಂದು ತಿರುವಲ್ಲಿ ಮಣ್ಣು ರಸ್ತೆ ಇತ್ತು. ಅದು ಎಲ್ಲಿಗೆ ಹೋಗುತ್ತೋ ಅಂತ ದಿನಾ ಅನ್ನಿಸೋದು. ಹಿಂದೆ ಐವತ್ತು ಜನ ಕೂತಿರೋರು, ಹೇಗೆ ತಿರುಗಿಸ್ಲಿ?" ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಈಗ ಆಡು ಸಿಕ್ಕಿದೆ. ಅಜ್ಜಿ ಕಾಯ್ತಿರ್ತಾಳೆ. ಒಪ್ಪಿಸದೆ ಏಳೋದು ನ್ಯಾಯವಲ್ಲ."

ಯಜಮಾನರು ಬಗ್ಗಿ ಪರದೆಯ ಮೇಲಿನ ಆಡನ್ನು ನೋಡಿದರು. ಆಮೇಲೆ ಗುಡ್ಡದಕ್ಕನ ಕಡೆ ತಿರುಗಿದರು.

"ಗುಡ್ಡ ಇರ್ಲಿ ಬಿಡಿ. ಬಾಣಾನೂ ಹಾಕ್ಬೇಡಿ."

ಗುಡ್ಡದಕ್ಕನಿಗೆ ಹೋದ ಜೀವ ಬಂದಂತಾಯಿತು. ಕುರ್ಚಿಯ ಬೆನ್ನು ಹಿಡಿದು ನಿಂತಳು. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು.

"ಇದೆಲ್ಲ ನೀನು ಮಾಡಿದ್ದೇನಮ್ಮ?" ಡ್ರೈವರು ಕೇಳಿದರು. "ಆ ತುದಿ ಗುಡ್ಡದ ಆಚೆ ಏನಿದೆ?"

ಅವಳು ಹೇಳಲು ಬಾಯಿ ತೆರೆದಳು. ಎರಡು ವರ್ಷದಿಂದ ಯಾರಾದರೂ ಇದನ್ನು ಕೇಳಲಿ ಎಂದೇ ಕಾದಿದ್ದಳು.

"ನೀವೇ ಹೋಗಿ ನೋಡಿ," ಎಂದಳು.