ಟೇಪಕ್ಕ ಹೇಳಿದ ಗೇಟು

ಅವಳಿಗೆ ದನಿ ಇರಲಿಲ್ಲ. ಚಿಕ್ಕವಳಿದ್ದಾಗ ಗಂಟಲಿಗೆ ಮಾಡಿದ ಆಪರೇಷನ್ ಅರ್ಧ ಕೆಟ್ಟಿತ್ತು. ಉಳಿದದ್ದು ತರಗೆಲೆ ತುಳಿದಂಥ ಒಂದು ಸದ್ದು. ಅಷ್ಟರಲ್ಲೇ ಬೈಯಬೇಕು, ನಗಬೇಕು, ಅಂಗಡಿಯಲ್ಲಿ ಸಾಮಾನು ಕೇಳಬೇಕು. ಸೀಗಡಿ ಫ್ಯಾಕ್ಟರಿಯಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು.

ಅಂಥವಳನ್ನು ಮೈಕಿನ ಮುಂದೆ ಕೂರಿಸಿದಾಗ ಸೀಗಡಿ ಸುಲಿಯುವ ಹಾಲ್‌ನ ಹೆಂಗಸರು ವಾರಗಟ್ಟಲೆ ನಕ್ಕರು. "ಬೋಳನಿಗೆ ಬಾಚಣಿಗೆ ಅಂಗಡಿ ಹಾಕ್ಕೊಟ್ಟ ಹಾಗಾಯ್ತು" ಎಂದರು. ಆದರೆ ಫ್ಯಾಕ್ಟರಿಯವರ ಲೆಕ್ಕ ಸರಿಯಾಗಿಯೇ ಇತ್ತು. ಸೀಗಡಿಯ ನೀರಿಗೆ ಅವಳ ಬೆರಳುಗಳು ಒಡೆದು ರಕ್ತ ಬರುತ್ತಿತ್ತು, ಸುಲಿಯುವ ಕೆಲಸ ಅವಳಿಂದ ಆಗುತ್ತಿರಲಿಲ್ಲ. ಓದು ಬರಹ ಬರುತ್ತಿತ್ತು. ಕಂಟ್ರೋಲ್ ರೂಮಿನ ಕೆಲಸಕ್ಕೆ ದನಿ ಬೇಕಿರಲಿಲ್ಲ. ಗುಂಡಿ ಒತ್ತಿದರೆ ಪೆಟ್ಟಿಗೆಯೊಳಗಿನ ಹೆಂಗಸು ಮಾತಾಡುತ್ತಿದ್ದಳು. ಯಾರೋ, ಎಲ್ಲಿಯವಳೋ, ಎಂದೋ ರೆಕಾರ್ಡ್ ಮಾಡಿಸಿದ ದನಿ. ಟೀ ಹೊತ್ತು, ಊಟದ ಹೊತ್ತು, ಶಿಫ್ಟ್ ಮುಗಿದದ್ದು, ಎಲ್ಲವನ್ನೂ ಅವಳೇ ಹೇಳುವುದು. ಹೆಂಗಸರು ಅವಳಿಗೆ ಟೇಪಕ್ಕ ಎಂದು ಹೆಸರಿಟ್ಟಿದ್ದರು. "ಟೇಪಕ್ಕ ಇನ್ನೂ ಕರೀಲಿಲ್ಲ ಕಣೇ, ಕೂತ್ಕೋ" ಎನ್ನುತ್ತಿದ್ದರು. ಮೇಲ್ವಿಚಾರಕ ಹೇಳಿದ್ದನ್ನು ನಂಬದವರೂ ಟೇಪಕ್ಕ ಹೇಳಿದ್ದನ್ನು ನಂಬುತ್ತಿದ್ದರು.

ಪೆಟ್ಟಿಗೆ ಎಂದರೆ ಗೋಡೆಗೆ ಒರಗಿಸಿದ ಬೂದು ಬಣ್ಣದ ಕಬ್ಬಿಣದ ಬೀರು. ಎಡಗಡೆ ಒಂದೊಂದು ಜಾಗಕ್ಕೆ ಒಂದೊಂದು ದೀಪ: ಸುಲಿಯುವ ಹಾಲು, ಪ್ಯಾಕಿಂಗ್, ಐಸ್ ಗೋದಾಮು, ಕಂಪ್ರೆಸರ್ ಕೋಣೆ, ಅಂಗಳ, ಆಫೀಸು. ಹಸಿರಿದ್ದರೆ ಸರಿ, ಹಳದಿ ಬಂದರೆ ವೈರಿನಲ್ಲಿ ದೋಷ, ಕೆಂಪು ಬಂದರೆ ಅಪಾಯ. ನಡುವೆ ಟೀ, ಊಟ, ಶಿಫ್ಟಿನ ಗುಂಡಿಗಳು. ಬಲಗಡೆ ಗಾಜಿನ ಮುಚ್ಚಳದ ಕೆಳಗೆ ಎರಡು ಕೆಂಪು ಗುಂಡಿ, ಒಂದು ಕಪ್ಪು ಗುಂಡಿ. ಅದರ ಕೆಳಗೆ ಬಾಗುವ ಕತ್ತಿನ ಮೈಕು. ಮೈಕಿನ ಬುಡದ ಸ್ವಿಚ್ಚನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಟೇಪಕ್ಕ ಬಾಯಿ ಮುಚ್ಚುತ್ತಾಳೆ, ಬಿಟ್ಟರೆ ಮತ್ತೆ ಶುರು ಮಾಡುತ್ತಾಳೆ.

ಕೆಲಸ ಕಲಿಸಿದವನು ಎಲೆಕ್ಟ್ರಿಶಿಯನ್. ಅವನಿಗೆ ಫ್ಯೂಸಣ್ಣ ಎಂಬ ಹೆಸರು ಅಂಟಿಕೊಂಡಿತ್ತು. ಮೊದಲ ದಿನ ಅವನು ಗುಂಡಿ ತೋರಿಸುವ ಬದಲು ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿದ. ಮಹಡಿಯ ಮೇಲಿನ ಆ ಕಿಟಕಿಗೆ ಇಡೀ ಅಂಗಳ ಕಾಣುತ್ತಿತ್ತು. ಎಡಕ್ಕೆ ಸುಲಿಯುವ ಹಾಲಿನ ಬಾಗಿಲು, ಅದರ ಪಕ್ಕಕ್ಕೇ ಕಂಪ್ರೆಸರ್ ಕೋಣೆ. ಬಲಕ್ಕೆ ರಸ್ತೆ, ಮುಂದಿನ ಗೇಟು. ಹಾಲಿನ ಹಿಂಬಾಗಿಲ ಆಚೆ ಕಾಲುವೆ, ಅಲ್ಲಿ ಹಿಂದಿನ ಗೇಟು. ಎದುರಿಗೆ ನೀರಿನ ಟ್ಯಾಂಕಿನ ಕಬ್ಬಿಣದ ಗೋಪುರ. ಅದರ ನೆತ್ತಿಯಲ್ಲಿ ಕೆಂಪು ಬಿಳಿ ಪಟ್ಟೆಯ ಗಾಳಿಚೀಲ, ಅಂಗಿಯ ಉದ್ದ ತೋಳಿನಂಥದ್ದು, ಗಾಳಿ ತುಂಬಿಕೊಂಡು ಹಾರಾಡುತ್ತಿತ್ತು.

"ಮೊದಲು ಚೀಲ, ಆಮೇಲೆ ಗುಂಡಿ" ಎಂದ ಫ್ಯೂಸಣ್ಣ. "ಐಸ್ ಮಾಡೋ ಅಮೋನಿಯಾ ಗ್ಯಾಸ್ ಸೋರಿದ್ರೆ ಗಾಳಿ ಹೋದ ಕಡೆ ಹೋಗುತ್ತೆ. ಚೀಲದ ಬಾಲ ಎತ್ತ ಇದೆಯೋ ಅತ್ತ ಸಾವು. ಬಾಲ ಕಾಲುವೆ ಕಡೆ ಇದ್ರೆ ಒಂದನೇ ಗುಂಡಿ, ಮುಂದಿನ ಗೇಟು. ಬಾಲ ರಸ್ತೆ ಕಡೆ ಇದ್ರೆ ಎರಡನೇದು, ಹಿಂದಿನ ಗೇಟು. ಇಷ್ಟೇ. ಮಂಗನಿಗೂ ಕಲಿಸಬಹುದು."

"ಹಾಗಾದ್ರೆ ಮಂಗನ್ನೇ ಇಟ್ಕೋಬಹುದಿತ್ತಲ್ಲ ಫ್ಯೂಸಣ್ಣ?"

"ಈ ಸಂಬಳಕ್ಕೆ ಮಂಗ ಒಪ್ಪಲ್ಲ." ಅವನು ಕಪ್ಪು ಗುಂಡಿಯ ಮೇಲೆ ಉಗುರಿನಿಂದ ಕುಟ್ಟಿದ. "ಇದು ರೀಸೆಟ್. ಇದನ್ನ ಮಾತ್ರ ಸುಮ್‌ಸುಮ್ನೆ ಮುಟ್ಬೇಡ. ಸೈರನ್ ನಿಂತ್ರೆ ಎಲ್ಲಾ ಸರಿಹೋಯ್ತು ಅಂತ ಅರ್ಥ. ಡ್ರಿಲ್‌ನಲ್ಲಿ ಅವರಿಗೆ ಕಲಿಸಿರೋದೇ ಅದು. ನಿಂತ ಕೂಡ್ಲೇ ವಾಪಸ್ ಮೇಜಿಗೆ ಓಡ್ತಾರೆ. ಕಿಲೋ ಲೆಕ್ಕದ ಕೆಲಸ ನೋಡು, ನಿಮಿಷಕ್ಕೂ ಹೊಟ್ಟೆ ಉರಿಯುತ್ತೆ."

ಡ್ರಿಲ್ ಎಂದರೆ ಹಾಲಿನವರಿಗೆ ಆಟ. ಮೊದಲು ಗೇಟು ಮುಟ್ಟಿದವರಿಗೆ ಒಂದು ಸೋಪು. ಜಿಂಕೆ ಎಂದು ಕರೆಸಿಕೊಳ್ಳುತ್ತಿದ್ದ ಹುಡುಗಿಯೇ ಪ್ರತಿ ಸಲ ಗೆಲ್ಲುತ್ತಿದ್ದಳು. "ನಮ್ಮನೇಲಿ ಸೋಪು ಕೊಳ್ಳೋದೇ ಬಿಟ್ಟಿದೀವಿ ಅಕ್ಕಾ" ಎಂದು ಪಿಸುವಿನ ಮುಂದೆ ಕುಣಿಯುತ್ತಿದ್ದಳು. ಸೋಲುತ್ತಿದ್ದವಳು ಪಿಸುವಿನ ಅಮ್ಮ. ಅವಳೂ ಅಲ್ಲೇ ಸುಲಿಯುತ್ತಿದ್ದಳು. ಮಂಡಿ ನೋವೆಂದು ಅವಳಿಗೆ ಬಾಗಿಲ ಪಕ್ಕದ ಮೇಜು ಕೊಟ್ಟಿದ್ದರು. ಅವಳು ಎದ್ದು ಹೊಸ್ತಿಲು ದಾಟುವುದರೊಳಗೆ ಹಿಂದಿನವರೆಲ್ಲ ಅವಳ ಅಕ್ಕಪಕ್ಕ ನುಸುಳಿಕೊಂಡು ಹೋಗಬೇಕು. ಮೈ ಬೇರೆ ದಪ್ಪ.

"ಈ ಬಾಗಿಲಿಗೆ ಬೀಗ ಬೇಡ, ಪಿಸು ಅಮ್ಮ ಒಬ್ಬಳು ಸಾಕು."

"ನಾನು ಸತ್ರೆ ನಿಮ್ಗೆ ಅಡ್ಡ ಬಿದ್ದೇ ಸಾಯೋದು ಕಣ್ರೇ, ದಾಟ್ಕೊಂಡು ಹೋಗಿ!"

ಆ ದಿನ ಫ್ಯೂಸಣ್ಣ ರಜೆಯಲ್ಲಿದ್ದ. ಗೋಪುರಕ್ಕೆ ಬಣ್ಣ ಬಳಿಯುವವರು ಬೆಳಿಗ್ಗೆಯೇ ಬಂದಿದ್ದರು. ಅವರಲ್ಲೊಬ್ಬ ಕಿಟಕಿಯ ಕೆಳಗೆ ನಿಂತು ಕೂಗಿದ.

"ಅಕ್ಕಾ, ಯಾವ್ದಾದ್ರೂ ದಾರ ಇದ್ರೆ ಎಸೀರಿ!"

ಸೀಗಡಿ ಪೆಟ್ಟಿಗೆ ಕಟ್ಟುವ ನೀಲಿ ಪ್ಲಾಸ್ಟಿಕ್ ದಾರದ ಉಂಡೆ ಅವಳ ಮೇಜಿನ ಮೇಲೇ ಇತ್ತು. "ಯಾತಕ್ಕಪ್ಪಾ?" ಎಂದು ಕೇಳಿದಳು. ಅವನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಇಟ್ಟು ಹಲ್ಲು ಕಿರಿದ. ಒಂದು ಮಾತನ್ನು ಎರಡನೇ ಸಲ ಕೇಳುವ ಅಭ್ಯಾಸ ಅವಳಿಗೆ ತಪ್ಪಿಹೋಗಿ ಎಷ್ಟೋ ವರ್ಷವಾಗಿತ್ತು. ಉಂಡೆ ಎಸೆದು ಕಿಟಕಿ ಮುಚ್ಚಿದಳು.

ಊಟದ ಗುಂಡಿ ಒತ್ತಲು ಇನ್ನೇನು ಸ್ವಲ್ಪ ಹೊತ್ತಿತ್ತು. ಬಣ್ಣದವರು ಡಬ್ಬಿಗಳನ್ನು ಗೋಪುರದ ಕೆಳಗಿಟ್ಟು ಹೊರಗೆ ಹೋಗಿದ್ದರು. ಆಗ ನೆಲ ಒಮ್ಮೆ ಅದುರಿತು. ಪಾದಕ್ಕೆ ಮೊದಲು ಗೊತ್ತಾಯಿತು, ಆಮೇಲೆ ಕಿವಿಗೆ. ಬೀರುವಿನ ಬಜರ್ ಕಿರುಚಲು ಶುರುವಾಯಿತು. ಕಂಪ್ರೆಸರ್ ಕೋಣೆಯ ದೀಪ ಕೆಂಪಾಗಿತ್ತು. ಅವಳು ನೋಡುತ್ತಿದ್ದಂತೆ ಪಕ್ಕದ ಐಸ್ ಗೋದಾಮಿನದೂ ಕೆಂಪಾಯಿತು.

ಹಿಂದೆ ಎರಡು ಮೂರು ಸಲ ಬಿಸಿ ಹಬೆ ತಾಗಿ ಈ ದೀಪ ಸುಳ್ಳು ಹೇಳಿತ್ತು. ಈ ಸಲವೂ ಸುಳ್ಳಿರಲಿ ಎಂದುಕೊಳ್ಳುತ್ತಲೇ ಮುಚ್ಚಳ ಎತ್ತಿದಳು. ಮೊದಲು ಚೀಲ. ಕಿಟಕಿಯಲ್ಲಿ ನೋಡಿದಳು. ಬಾಲ ಕಾಲುವೆಯ ಕಡೆಗಿತ್ತು, ನೆಟ್ಟಗೆ, ಅನುಮಾನಕ್ಕೆ ಎಡೆಯಿಲ್ಲದ ಹಾಗೆ. ಆಮೇಲೆ ಗುಂಡಿ. ಒಂದನೆಯದನ್ನು ಒತ್ತಿದಳು.

ಸೈರನ್ ಏರಿತು, ಇಳಿಯಿತು. ಅದರ ಮೇಲೆ ಟೇಪಕ್ಕನ ದನಿ, ಊಟಕ್ಕೆ ಕರೆದಷ್ಟೇ ನಿಧಾನವಾಗಿ: "ದಯವಿಟ್ಟು ಗಮನಿಸಿ. ಎಲ್ಲರೂ ಮುಂದಿನ ಗೇಟಿನ ಕಡೆಗೆ ನಡೆಯಿರಿ. ಗಾಬರಿಯಾಗಬೇಡಿ."

ಹಾಲಿನ ಬಾಗಿಲು ತೆರೆಯಿತು. ಮೊದಲು ಬಂದವಳು ಜಿಂಕೆ. ರಬ್ಬರ್ ಬೂಟಿನಲ್ಲೂ ಓಡುತ್ತಿದ್ದಳು. ಅವಳ ಹಿಂದೆ ಪ್ಯಾಕಿಂಗಿಗೆ ಹೊಸದಾಗಿ ಸೇರಿದವಳು, ಮತ್ತೆ ಮೂವರು. ಗೇಟು ಕಾಯುವ ತಾತ, ಡ್ರಿಲ್‌ನಲ್ಲಿ ತನಗೆ ಕಲಿಸಿದ ಹಾಗೇ, ಎರಡೂ ಬಾಗಿಲು ತೆರೆದು, ಒಂದನ್ನು ಬೆನ್ನಿನಿಂದ ಒತ್ತಿ ಹಿಡಿದು ನಿಂತಿದ್ದ.

ಆಗ ಕಂಪ್ರೆಸರ್ ಕೋಣೆಯ ಬಾಗಿಲಿನ ಸಂದಿಯಿಂದ ಬೆಳ್ಳಗಿನದು ಹೊರಗೆ ಬಂತು. ಹೊಗೆಯಂತೆ ಮೇಲೇಳಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ, ಮೊಣಕಾಲಿನೆತ್ತರಕ್ಕೆ, ಅಂಗಳದ ಉದ್ದಕ್ಕೂ ಹರಿಯತೊಡಗಿತು. ಕಾಲುವೆಯ ಕಡೆಗಲ್ಲ, ರಸ್ತೆಯ ಕಡೆಗೆ.

ಅವಳು ಗೋಪುರ ನೋಡಿದಳು. ಕೆಳಗೆ ಬಣ್ಣದವರು ಹಾಸಿದ್ದ ಹಳೆ ಪೇಪರುಗಳು ಎದ್ದು ರಸ್ತೆಯ ಕಡೆಗೇ ಹಾರುತ್ತಿದ್ದವು. ಮೇಲೆ ಚೀಲ ಮಾತ್ರ ಅಲ್ಲಾಡದೆ ಕಾಲುವೆಯ ಕಡೆ ತೋರಿಸುತ್ತಿತ್ತು. ಹಸಿ ಬಣ್ಣಕ್ಕೆ ತಾಗದಿರಲಿ ಎಂದು ಅದನ್ನು ಆ ಬದಿಯ ಕಂಬಿಗೆ ಎಳೆದು ಕಟ್ಟಿದ್ದರು. ಕಟ್ಟಿದ್ದ ದಾರ ನೀಲಿ.

ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು, ಏನೆಂದು ಆಮೇಲೆ ಗೊತ್ತಾಯಿತು.

ಬೆರಳು ರೀಸೆಟ್ಟಿನ ಮೇಲೆ ಹೋಗಿ ನಿಂತಿತು. ಅದನ್ನು ಒತ್ತಿದ ಮೇಲೆ ಮಾತ್ರ ಎರಡನೇ ಸಂದೇಶ ಹಾಕಬಹುದು. ಆದರೆ ನಡುವೆ ಪೆಟ್ಟಿಗೆ ಸ್ವಲ್ಪ ಹೊತ್ತು ಮೂಕ, ಸೈರನ್ನೂ ಇರುವುದಿಲ್ಲ. ಸೈರನ್ ನಿಂತರೆ ಎಲ್ಲಾ ಸರಿಹೋಯ್ತು. ಹಾಲಿನೊಳಗೆ ಇರುವವರು ಮೇಜಿಗೆ ಮರಳುತ್ತಾರೆ, ಕಂಪ್ರೆಸರ್ ಗೋಡೆಗೆ ತಾಗಿದ ಮೇಜುಗಳಿಗೆ. ಅಂಗಳದಲ್ಲಿ ಇರುವವರು ತಿರುಗಿ ಆ ಬಿಳಿಯ ನಡುವೆಯೇ ಓಡಿ ಬರುತ್ತಾರೆ.

ಫೋನು ಹೊಡೆದುಕೊಂಡಿತು. ಆಫೀಸಿನಿಂದ ಶಿಫ್ಟ್ ಇನ್‌ಚಾರ್ಜ್.

"ಏನೇ ಅದು? ಯಾವ ಗೇಟು? ಸರಿಯಾಗಿ ನೋಡಿದೀಯೇನೇ?"

"ತಪ್ಪಾಗಿದೆ ಸಾರ್. ಹಿಂದಿನ ಗೇಟು. ಗಾಳಿ..."

"ಏನು? ಕೇಳಿಸ್ತಿಲ್ಲ! ಬಾಯಲ್ಲಿ ಏನಿಟ್ಕೊಂಡಿದೀಯ, ಜೋರಾಗಿ ಹೇಳು!"

ಫೋನನ್ನು ಹಾಗೇ ನೇತುಬಿಟ್ಟು ಮೈಕಿನ ಸ್ವಿಚ್ಚು ಒತ್ತಿದಳು. ಟೇಪಕ್ಕ ನಿಂತಳು, ಸೈರನ್ ನಿಲ್ಲಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಒಂದು ಸಲವೂ ಅದರಲ್ಲಿ ಮಾತಾಡಿರಲಿಲ್ಲ. ಪರೀಕ್ಷೆಗೆಂದು ಬೆರಳಿನಿಂದ ಕುಟ್ಟಿದ್ದಳು, ಅಷ್ಟೇ.

"ಹಿಂದಕ್ಕೆ ಹೋಗಿ. ಹಿಂದಿನ ಗೇಟು. ಹಿಂದಿನ ಗೇಟು."

ಅಂಗಳದ ಸ್ಪೀಕರಿನಿಂದ ಕರಕರ ಸದ್ದು ಬಂತು. ಓಡುತ್ತಿದ್ದವರಲ್ಲಿ ಒಬ್ಬಳು ತಲೆಯೆತ್ತಿ ನೋಡಿದಳು. ಸ್ಪೀಕರ್ ಕೆಟ್ಟಿದೆ ಎಂದುಕೊಂಡಿರಬೇಕು, ಮತ್ತೆ ಓಡಿದಳು. ಬೆವರಿಗೆ ಪಿಸುವಿನ ಹೆಬ್ಬೆರಳು ಜಾರಿತು. ಅಷ್ಟು ಸಾಕಾಯಿತು. "ಮುಂದಿನ ಗೇಟಿನ ಕಡೆಗೆ ನಡೆಯಿರಿ" ಎಂದಳು ಟೇಪಕ್ಕ, ಸ್ಪಷ್ಟವಾಗಿ, ಒಂದಕ್ಷರ ನುಂಗದೆ.

ಹಾಲಿನ ಹೊಸ್ತಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಒಂದು ಕೈ ಮಂಡಿಯ ಮೇಲೆ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಅವಳ ಹಿಂದೆ ಇಡೀ ಹಾಲು, ತಲೆಯ ಮೇಲೆ ತಲೆ, ಎಲ್ಲರೂ ಹಸಿರು ಟೋಪಿ. ಮುಂದಿನ ಹೆಜ್ಜೆ ಇಟ್ಟರೆ ಅಂಗಳ.

ಪಿಸು ಎರಡೂ ಹೆಬ್ಬೆರಳಿನಿಂದ ಸ್ವಿಚ್ಚು ಅದುಮಿದಳು. ಬಾಯನ್ನು ಮೈಕಿಗೆ ತಾಗಿಸಿದಳು.

"ಅಮ್ಮಾ!"

ಅಮ್ಮ ನಿಂತಳು.

"ಅಮ್ಮಾ, ಹೊರಗೆ ಬರ್ಬೇಡ. ಮುಂದೆ ಗ್ಯಾಸ್ ಇದೆ. ಕಾಲುವೆ ಗೇಟು. ಎಲ್ರನ್ನೂ ತಿರುಗಿಸು. ಅಮ್ಮಾ, ತಿರುಗಿಸು."

ಅಮ್ಮ ಎರಡೂ ಕೈ ಅಗಲಿಸಿ ಚೌಕಟ್ಟು ಹಿಡಿದಳು. ಹಿಂದಿನವರು ಬಂದು ಅವಳ ಬೆನ್ನಿಗೆ ಬಡಿದರು. ಕಿಟಕಿಯಿಂದ ಬಾಯಿಗಳು ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಏನು ಮಾತಾಯಿತು ಎಂಬುದನ್ನು ಹೆಂಗಸರು ಆಮೇಲೆ ಹೇಳಿದರು.

"ಸರಿಯಮ್ಮಾ ಆಚೆ! ಟೇಪಕ್ಕ ಮುಂದಿನ ಗೇಟು ಅಂದ್ಳಲ್ಲ, ಕಿವಿ ಕೇಳಲ್ವಾ?"

"ಟೇಪಕ್ಕನ್ನ ನಾನು ಹೆತ್ತಿಲ್ಲ. ಇವಳನ್ನ ಹೆತ್ತಿದೀನಿ. ತಿರುಗ್ರೇ ಹಿಂದಕ್ಕೆ!"

ಗುದ್ದಿದರು, ಕೂದಲು ಎಳೆದರು, ಒಬ್ಬಳು ಕೈ ಕಚ್ಚಿದಳು. ಅಮ್ಮ ಬಿಡಲಿಲ್ಲ. ಹಸಿರು ಟೋಪಿಗಳು ಒಂದೊಂದಾಗಿ ತಿರುಗಿದವು, ಆಮೇಲೆ ಒಟ್ಟಿಗೆ. ಬಾಗಿಲನ್ನು ಎಳೆದು ಮುಚ್ಚಲು ಅಮ್ಮ ಇನ್ನೂ ಅದರ ಹೊರಗಿನ ಹಿಡಿಕೆ ಹುಡುಕುತ್ತಿದ್ದಳು. ಬೆಳ್ಳಗಿನದು ಅವಳ ಮುಖಕ್ಕೆ ಬಂತು. ಬಾಗಿಲು ಸೇರಿತು. ಅವಳು ಒಳಗಿದ್ದಳೋ ಇಲ್ಲವೋ ಪಿಸುವಿಗೆ ಕಾಣಲಿಲ್ಲ.

"ಜಿಂಕೆ, ನಿಲ್ಲೇ. ಎಡಗಡೆ ಗೋಡೆ ಕಡೆ ತಿರುಗೇ. ತಾತ, ಗೇಟು ಬಿಡಿ, ಓಡಿ."

ಕರಕರ ಸದ್ದಿಗೆ ಯಾರು ನಿಲ್ಲುತ್ತಾರೆ? ನಿಧಾನಕ್ಕೆ ಓಡುತ್ತಿದ್ದ ಮೂವರು ಬಿಳಿಯನ್ನು ಕಂಡು ಪಕ್ಕದ ಗೋಡೆ ಹತ್ತಿದರು. ಚೆನ್ನಾಗಿ ಓಡುತ್ತಿದ್ದವರು ಗೇಟು ಮುಟ್ಟಿದರು. ಬೆಳ್ಳಗಿನದೂ ಮುಟ್ಟಿತು. ತಾತ ಬಾಗಿಲು ಬಿಡದೆ ಅಲ್ಲೇ ಕೂತ.

ಕಂಟ್ರೋಲ್ ರೂಮಿನ ಮೆಟ್ಟಿಲು ಇಳಿಯುವುದು ಅದೇ ಅಂಗಳಕ್ಕೆ. ವಾಸನೆ ಕಿಟಕಿಯ ಸಂದಿಯಲ್ಲಿ ಬರತೊಡಗಿತು, ಮೂಗಿಗೆ ಸೂಜಿ ಚುಚ್ಚಿದಂತೆ. ಬಾಟಲಿಯ ನೀರನ್ನು ದುಪಟ್ಟಾಕ್ಕೆ ಸುರಿದು ಮುಖಕ್ಕೆ ಸುತ್ತಿಕೊಂಡಳು, ಒಂದೇ ಕೈಯಲ್ಲಿ. ಇನ್ನೊಂದನ್ನು ತೆಗೆಯುವ ಹಾಗಿರಲಿಲ್ಲ. ತೆಗೆದರೆ ಟೇಪಕ್ಕ ಮಾತಾಡುತ್ತಾಳೆ. ಓಡಬೇಕು, ಈಗಲೇ ಓಡಬೇಕು ಎಂದು ಕಾಲುಗಳು ಕುಣಿಯುತ್ತಿದ್ದವು. ಮೈಕಿನಿಂದ ಅಳುವೂ ಹೋಗುತ್ತಿತ್ತು. "ಹಿಂದಿನ ಗೇಟು. ಹಿಂದಿನ ಗೇಟು. ಅಮ್ಮಾ." ಕಣ್ಣು ಮುಚ್ಚಿಹೋದ ಮೇಲೂ ಹೇಳಿದಳು. ಕಾಲುವೆಯ ಆಚೆ ದಂಡೆಗೆ ಓಡಿದವರಿಗೆ ಕೊನೆಕೊನೆಗೆ ಕೇಳಿಸಿದ್ದು ಬರೀ ಉಸಿರು. ಯಾರೋ ಸ್ಪೀಕರಿನ ಹಿಂದೆ ಕೂತು ಗರಗಸ ಎಳೆಯುತ್ತಿದ್ದಾರೆ ಅನ್ನಿಸಿತಂತೆ.

ಮುಖವಾಡ ಹಾಕಿಕೊಂಡು ಬಂದವರು ಸ್ವಿಚ್ಚಿನಿಂದ ಅವಳ ಬೆರಳುಗಳನ್ನು ಬಿಡಿಸಬೇಕಾಯಿತು.

ವಿಚಾರಣೆಗೆ ಬಂದ ಸಾಹೇಬರು ಪೆಟ್ಟಿಗೆಯನ್ನು ಬಿಚ್ಚಿ ನೋಡಿ, ಅದು ಸರಿಯಾಗಿಯೇ ಕೆಲಸ ಮಾಡಿದೆ ಎಂದರು. ಫ್ಯೂಸಣ್ಣ ಆಸ್ಪತ್ರೆಗೆ ಬಂದ. ಮಂಚದ ಪಕ್ಕ ನಿಂತು, ಕೂರದೆ ಕೇಳಿದ.

"ಚೀಲ ನೋಡಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಆಮೇಲೆ ಗುಂಡಿ?"

ತಲೆಯಾಡಿಸಿದಳು.

"ಪ್ರತಿ ಸಲ ಬಣ್ಣ ಬಳಿಯುವಾಗ ಅದನ್ನ ಕಟ್ತಾರೆ. ನಿಂಗೆ ಹೇಳೋದು ಮರೆತೆ." ಅವನು ಗೋಡೆ ನೋಡಿದ. "ದಾರ ಎಲ್ಲಿಂದ ತಂದ್ರಂತೆ, ಗೊತ್ತಾ?"

ಅವಳು ತೋರುಬೆರಳನ್ನು ತನ್ನ ಎದೆಗೆ ಮುಟ್ಟಿಸಿದಳು.

ಪಕ್ಕದ ಮಂಚದಲ್ಲಿ ಅಮ್ಮ ಮಲಗಿದ್ದಳು, ಕಣ್ಣಿಗೆ ಪಟ್ಟಿ. "ಯಾರದು, ಫ್ಯೂಸಣ್ಣನಾ? ಕೂತ್ಕೋಪ್ಪಾ" ಎಂದಳು.

ಸತ್ತವರು ಮೂವರು: ಜಿಂಕೆ, ಅವಳ ಹಿಂದೆಯೇ ಓಡಿದ ಪ್ಯಾಕಿಂಗಿನ ಹೊಸಬಳು, ಗೇಟಿನ ತಾತ. ಹೋದ ಕಣ್ಣು ಒಂದು, ಅಮ್ಮನದು, ಬಲಗಡೆಯದು. ಹೋದ ದನಿ ಒಂದು.