ಕಣದ ಮೇಲೆ ಬೂಟು

ಕುಪ್ಪಗಡ್ಡೆಯ ಕೆರೆಯ ಹಿಂದೆ ಹದಿನೆಂಟು ಮನೆಗಳ ಕಣಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಸುಗ್ಗಿ ಮುಗಿದು ಭತ್ತವೆಲ್ಲ ಮನೆ ಸೇರಿದ ಮೇಲೆ ನಡುವಿನ ಬದುಗಳನ್ನು ಒಡೆದು, ಎತ್ತು ಸುತ್ತಿಸುವ ಮೇಟಿಕಂಬಗಳನ್ನು ಕಿತ್ತು, ಗುಣಿಗಳಿಗೆ ಚಪ್ಪಡಿ ಮುಚ್ಚಿ, ಕಲ್ಲಪ್ಪ ತನ್ನ ಎತ್ತುಗಳಿಗೆ ರೋಣಗಲ್ಲು ಕಟ್ಟುತ್ತಿದ್ದ. ಆ ಕಲ್ಲು ಮೂರು ದಿನ ಉರುಳಿದರೆ ನೆಲ ಒಂದೇ ಹದಕ್ಕೆ ಬರುತ್ತಿತ್ತು. ಆಮೇಲೆ ಹೆಂಗಸರು ಹುತ್ತದ ಮಣ್ಣಿಗೆ ಸಗಣಿ ಕಲಸಿ ಬಗ್ಗಡ ಮಾಡಿ ಎರಡು ಸಲ ಸಾರಿಸುತ್ತಿದ್ದರು. ಮೂರು ದಿನದ ಬಿಸಿಲು ಕಂಡರೆ ಅದೇ ಊರಿನ ಹಾಕಿ ಮೈದಾನ.

ಆ ಆಟವನ್ನು ಊರಿಗೆ ತಂದವರು ಮಡಿಕೇರಿ ಕಡೆಯ ಒಬ್ಬ ಡ್ರಿಲ್ ಮಾಸ್ತರು. ಅವರು ವರ್ಗವಾಗಿ ಹೋದರೂ ಆಟ ಹೋಗಲಿಲ್ಲ. ಬೇರೆ ಊರುಗಳಲ್ಲಿ ಚೆಂಡು ಕಲ್ಲಿಗೆ ತಾಗಿ ಎಗರುತ್ತಿತ್ತು. ಇಲ್ಲಿ ನೆಲಕ್ಕೆ ಅಂಟಿಕೊಂಡೇ ಹರಿಯುತ್ತಿತ್ತು. ಸಾಗರದವರು, ಹಾನಗಲ್ಲಿನವರು ಬಂದು ಸೋತು, ನಿಮ್ಮ ಹುಡುಗರು ಗೆದ್ದದ್ದಲ್ಲ, ನಿಮ್ಮ ನೆಲ ಗೆದ್ದದ್ದು ಎಂದು ಗೊಣಗಿಕೊಂಡು ಹೋಗುತ್ತಿದ್ದರು. ಒಂದು ದಿನವೂ ಕೋಲು ಹಿಡಿಯದ ಕಲ್ಲಪ್ಪ ಈ ಮಾತನ್ನು ಮನೆಗೆ ಹೋಗಿ ಹೆಂಡತಿ ದುರ್ಗಮ್ಮನ ಮುಂದೆ ಎರಡೆರಡು ಸಲ ಹೇಳುತ್ತಿದ್ದ. ಒಂಬತ್ತು ವರ್ಷದಿಂದ ಇದು ನಡೆದಿತ್ತು.

ಅಲ್ಲಿ ಕಟ್ಟಳೆ ಒಂದೇ. ಕಣಕ್ಕೆ ಮೆಟ್ಟು ಹಾಕಿಕೊಂಡು ಕಾಲಿಡುವಂತಿಲ್ಲ. ಊಟ ಮಾಡುವ ಅನ್ನ ಬೀಳುವ ಜಾಗ ಅದು. ಆಡುವವರು ಬರಿಗಾಲಲ್ಲಿ ಆಡುತ್ತಿದ್ದರು, ನೋಡುವವರು ಹುಣಸೆಮರದ ಬುಡದಲ್ಲಿ ಮೆಟ್ಟು ಬಿಟ್ಟು ಬರುತ್ತಿದ್ದರು. ಒಮ್ಮೆ ಸಾಗರದಿಂದ ಬಂದಿದ್ದ ಒಬ್ಬ ಅಮಲ್ದಾರರೂ ಬಿಟ್ಟಿದ್ದರು.

ಐವತ್ತೆಂಟರ ಮಳೆಗಾಲದಲ್ಲಿ ಶಿಕಾರಿಪುರದ ಅಕ್ಕಿ ಗಿರಣಿಯ ಶಾಂತವೀರಪ್ಪನವರು ಹುಡುಗರಿಗೆ ಅಂಗಿ ಚಡ್ಡಿ ಹೊಲಿಸಿಕೊಟ್ಟರು. ಊರವರು ಖುಷಿಯಾಗಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿಕೊಂಡರು. ದೀಪಾವಳಿ ಕಳೆದದ್ದೇ ಅಧ್ಯಕ್ಷರು ಶಿಕಾರಿಪುರದಲ್ಲಿ ಸಭೆ ಕರೆದರು. ಕುಪ್ಪಗಡ್ಡೆಯ ಹಿರಿಯರಿಗೆ ಕರೆ ಬರಲಿಲ್ಲ. ಆಟಗಾರರಿಗೆ ಗಿರಣಿಯಲ್ಲಿ ಸಂಬಳದ ಕೆಲಸ, ತಂಡಕ್ಕೆ ಗಿರಣಿಯ ಹೆಸರು, ವಾಸ ಶಿಕಾರಿಪುರ, ಮ್ಯಾನೇಜರು ಗಿರಣಿಯ ಗುಮಾಸ್ತ ಬೆನಕಪ್ಪ. ಎಲ್ಲವೂ ಅಲ್ಲೇ ತೀರ್ಮಾನವಾಯಿತು. ಕಲ್ಲಪ್ಪನ ಅಣ್ಣನ ಮಗ ಮಂಜಪ್ಪ ತಂಡದ ನಾಯಕ. ಅವನೇ ಹತ್ತು ಜನರನ್ನು ಬಸ್ಸು ಹತ್ತಿಸಿಕೊಂಡು ಹೋದ.

ಗೋಪಾಲಪ್ಪನ ಚಾದಂಗಡಿಯ ಬೆಂಚಿನ ಮೇಲೆ ಆ ಚಳಿಗಾಲವೆಲ್ಲ ಇದೇ ಮಾತು.

"ಟೀಮು ಅಂದ್ರೆ ಎಮ್ಮೆಯೇನ್ರೋ, ಹಗ್ಗ ಹಿಡ್ಕೊಂಡ್ ಹೊಡ್ಕೊಂಡ್ ಹೋಗಾಕೆ?" ಎಂದು ಗೋಪಾಲಪ್ಪ ಲೋಟ ಕುಕ್ಕುತ್ತಿದ್ದ. "ಒಂದ್ ಅಂಗಿ, ಒಂದ್ ಚಡ್ಡಿ. ಅಷ್ಟಕ್ಕೇ ಮಾರ್ಕೊಂಡ್ವಲ್ಲ, ಥೂ!"

"ಆ ಬೆನಕಪ್ಪ ಮ್ಯಾನೇಜರಂತೆ. ಹಾಕಿ ಕೋಲು ಯಾವ್ದು ಒನಕೆ ಯಾವ್ದು ಅಂತ ಗೊತ್ತೈತಾ ಅವಂಗೆ?"

"ಗಿರಣಿ ಕೂಗಿದ್ ಕೂಡ್ಲೆ ಆಟ ನಿಲ್ಲಿಸ್ತಾನಂತೆ ಮಾರಾಯ. ಚೆಂಡು ಗೋಲಿನ ಬಾಯಲ್ಲಿದ್ರೂ ಬಿಟ್ಟು, ಹೋಗಿ ಚೀಲ ಹೊರಬೇಕಂತೆ!"

"ನಾನಂತೂ ಆ ಟೀಮಿನ ಮುಖ ನೋಡಲ್ಲ," ಎಂದು ಗೋಪಾಲಪ್ಪ ಕೊನೆಗೆ ಪ್ರತಿದಿನವೂ ಹೇಳುತ್ತಿದ್ದ. ಬೆಂಚಿನಲ್ಲಿದ್ದವರೆಲ್ಲ ನಾವೂ ಅಷ್ಟೇ ಎನ್ನುತ್ತಿದ್ದರು.

ಆ ವರ್ಷ ಬದು ಒಡೆಯಬೇಕೋ ಬೇಡವೋ ಎನ್ನುವುದೇ ಕಲ್ಲಪ್ಪನಿಗೆ ತಿಳಿಯುತ್ತಿರಲಿಲ್ಲ. ಮೈದಾನದ ನಟ್ಟನಡುವೆ ಬರುತ್ತಿದ್ದುದು ಅವನ ಕಣ. ತಡವಾಗಿ ಕೊಯ್ಲಾದ ಅವನ ಭತ್ತ ಇನ್ನೂ ಬಣವೆಯಲ್ಲೇ ಇತ್ತು.

ಫೆಬ್ರವರಿಯ ಒಂದು ಬುಧವಾರ ಬೆನಕಪ್ಪ ಗಿರಣಿಯ ಲಾರಿಯಲ್ಲಿ ಬಂದಿಳಿದ. ಶಿಕಾರಿಪುರದ ಗರಸು ನೆಲದಲ್ಲಿ ತಂಡ ಮೂರು ಪಂದ್ಯ ಸೋತಿತ್ತು. ಭಾನುವಾರ ಹಾನಗಲ್ಲಿನವರೊಂದಿಗೆ ಕೊನೆಯ ಪಂದ್ಯ.

"ಕಲ್ಲಪ್ನೋರ, ಸಾವ್ಕಾರ್ರು ನಿಮ್ಮ ಕಣದಾಗ ಆಡಸೂಣು ಅಂದಾರ್ರಿ. ಭಾನುವಾರಕ್ಕ ತಯಾರ್ ಮಾಡ್ಬೇಕು."

"ನಾಲ್ಕು ದಿನಕ್ಕೆ ಆಗಲ್ಲ ರೀ. ಕಲ್ಲು ಉರುಳ್ಬೇಕು, ಸಾರಿಸ್ಬೇಕು, ಒಣಗ್ಬೇಕು."

"ಹೆಂಗಾರ ಮಾಡ್ರಿ. ಇಲ್ಲಿ ಗೆದ್ರ ಟೀಮು ವಾಪಸ್ ಕುಪ್ಪಗಡ್ಡಿಗೇ ಬರ್ತತಿ. ವರ್ಷಾ ಬ್ಯಾಸಗಿ ಇಲ್ಲೇ ಪ್ರಾಕ್ಟೀಸು. ಸಾವ್ಕಾರ್ರು ಬಾಯಿಬಿಟ್ಟು ಹೇಳ್ಯಾರ."

ಕಲ್ಲಪ್ಪ ಆ ಮಾತನ್ನು ಹಿಡಿದುಕೊಂಡ. ಬೇಸಿಗೆಯೆಲ್ಲ ಮಂಜಪ್ಪ ಇಲ್ಲಿ, ಹತ್ತು ಹುಡುಗರು ಇಲ್ಲಿ, ಸಂಜೆಯಾದರೆ ಕೆರೆಯ ಹಿಂದೆ ಆ ಕೂಗು. ತನ್ನ ಬಣವೆಯನ್ನು ಒಕ್ಕುವುದನ್ನು ಬಿಟ್ಟು ಅವನು ಅವತ್ತೇ ಮೇಟಿ ಕಿತ್ತ.

ದುರ್ಗಮ್ಮ ಬೈದಳು. "ಮನೆ ಭತ್ತ ಬಣವೇಲಿ, ಇಲಿ ಹೊಟ್ಟೇಲಿ. ಇವರಿಗೆ ಆಟದ ಚಿಂತೆ." ಬೈದುಕೊಂಡೇ ಹೋಗಿ ಹದಿನೆಂಟು ಮನೆಯ ಹೆಂಗಸರನ್ನೂ ಕೂಗಿ ತಂದಳು. ರೋಣಗಲ್ಲು ಮೂರು ದಿನದ ಬದಲು ಎರಡೇ ದಿನ ಉರುಳಿತು. ಶನಿವಾರ ಬೆಳಿಗ್ಗೆ ಕಡೆಯ ಸಾರಣೆ ಬಿದ್ದಾಗ ದುರ್ಗಮ್ಮನ ಅಂಗೈ ಒಡೆದು ರಕ್ತ ಬಂದಿತ್ತು. ಭಾನುವಾರ ಮಧ್ಯಾಹ್ನ ಕಲ್ಲಪ್ಪ ಬರಿಗಾಲಲ್ಲಿ ನಡೆದು ನೋಡಿದ. ಮೇಲೆ ಒಣಗಿತ್ತು, ಒಳಗೆ ಇನ್ನೂ ಹಸಿ. ಬರಿಗಾಲಾದರೆ ತಡೆಯುತ್ತದೆ ಎಂದುಕೊಂಡ.

ಮೂರು ಗಂಟೆಗೆ ಲಾರಿ ಬಂತು. ಅದರ ಹಿಂದೆ ಹಾನಗಲ್ಲಿನವರ ಬಸ್ಸು. ಮುಖ ನೋಡುವುದಿಲ್ಲ ಎಂದವರೆಲ್ಲ ಹುಣಸೆಮರದ ಸುತ್ತ ಸೇರಿದ್ದರು. ಮುಂದಿನ ಸಾಲಿನಲ್ಲಿ ಗೋಪಾಲಪ್ಪ, ಅಂಗಡಿಗೆ ಬಾಗಿಲು ಹಾಕಿ ಬಂದಿದ್ದ.

ಲಾರಿಯಿಂದ ಇಳಿದ ಹನ್ನೊಂದು ಜನರ ಕಾಲಲ್ಲೂ ಹೊಸ ಬೂಟು ಇತ್ತು. ತಳದಲ್ಲಿ ಹೆಬ್ಬೆರಳ ಗಾತ್ರದ ತೊಗಲಿನ ಗುಬ್ಬಿಗಳು. ಬೆನಕಪ್ಪನೇ ಮೊದಲು ಕಣಕ್ಕಿಳಿದ, ಅವನ ಹಿಂದೆ ಅವರು. ಮಂಜಪ್ಪ ಅಂಚಿನಲ್ಲಿ ಒಂದು ಗಳಿಗೆ ನಿಂತ. ಚಿಕ್ಕಪ್ಪನ ಮುಖ ನೋಡಿದ, ಮ್ಯಾನೇಜರನ ಮುಖ ನೋಡಿದ, ಆಮೇಲೆ ತಲೆ ತಗ್ಗಿಸಿ ಇಳಿದ. ಅವರು ಓಡಾಡಿದಲ್ಲೆಲ್ಲ ಹದಿನೆಂಟು ಮನೆಯ ಸಾರಣೆ ಹಕ್ಕಳೆ ಹಕ್ಕಳೆಯಾಗಿ ಎದ್ದು ಬರುತ್ತಿತ್ತು. ಸಗಣಿಯ ಹಸಿ ವಾಸನೆ ಎದ್ದಿತು.

ಕಲ್ಲಪ್ಪ ಹೋಗಿ ಬೆನಕಪ್ಪನ ಎದುರು ನಿಂತ. "ಬೂಟು ಬಿಚ್ಚಿಸ್ರಿ."

"ಹುಬ್ಬಳ್ಳಿಯಿಂದ ತರಿಸಿದ ಬೂಟ್ರಿ ಅವು. ಶಿವಮೊಗ್ಗದಿಂದ ಫೋಟೋದಾತ ಬಂದಾನ. ಕ್ಯಾಲೆಂಡರ್ ಮಾಡಸ್ತಾರ ಸಾವ್ಕಾರ್ರು."

"ಕ್ಯಾಲೆಂಡರ್ ಮಾಡ್ಸಿ, ಬೇಡ ಅನ್ನಲ್ಲ. ಇದು ಕಣ."

"ಸುಗ್ಗಿ ಮುಗದೈತಲ್ರಿ." ಬೆನಕಪ್ಪ ನಗುತ್ತಲೇ ಬೂಟಿನ ತುದಿಯಿಂದ ನೆಲ ಕೆರೆದು ತೋರಿಸಿದ. "ಕಾಳಿದ್ರ ಕಣ. ಕಾಳಿಲ್ಲಂದ್ರ ಬರೇ ನೆಲ."

ಕಲ್ಲಪ್ಪ ಸುತ್ತ ನೋಡಿದ. ಮೂರು ತಿಂಗಳು ಬೆಂಚಿನ ಮೇಲೆ ಉಗಿದವರಲ್ಲಿ ಒಬ್ಬನಾದರೂ ಹೌದಲ್ಲ ಎನ್ನುತ್ತಾನೆಯೇ ಎಂದು ಕಾದ. ಗೋಪಾಲಪ್ಪ ಫೋಟೋದವನ ಪೆಟ್ಟಿಗೆಯನ್ನು ನೋಡುತ್ತಿದ್ದ.

"ಮುಗ್ದಿಲ್ಲ," ಎಂದ ಕಲ್ಲಪ್ಪ.

ಅವನು ಬಣವೆಯ ಕಡೆ ನಡೆದ. ಹಾರೆ, ಮೇಟಿಕಂಬ ಎರಡನ್ನೂ ಹೆಗಲಿಗೇರಿಸಿಕೊಂಡು ಬಂದು ಮೈದಾನದ ನಡುವೆ, ಸುಣ್ಣದ ಚುಕ್ಕೆ ಇಟ್ಟಿದ್ದ ಜಾಗದಲ್ಲಿ, ಸಾರಣೆ ಒಡೆದು ಚಪ್ಪಡಿ ಎತ್ತಿದ. ದುರ್ಗಮ್ಮ ಓಡಿಬಂದಳು.

"ನಿಮ್ಗೇನ್ ಬಂತ್ರಿ! ನಾವ್ ಸಾರ್ಸಿದ್ ನೆಲ ನೀವೇ ಅಗೀತೀರಲ್ಲ? ಆಟ ನಡೆದ್ರೆ ಹುಡುಗ ವಾಪಸ್ ಬರ್ತಾನೆ ಅಂದಿದ್ರಲ್ಲ?"

"ಹಿಂಗ್ ಬರಾದಾದ್ರೆ ಬೇಡ."

ಅವಳು ಅವನ ಕೈಯನ್ನೂ ನೆಲದ ಮೇಲಿನ ಬೂಟಿನ ಗುರುತುಗಳನ್ನೂ ನೋಡಿದಳು. ಅವನು ಕಂಬ ನೆಟ್ಟು ಮಣ್ಣು ತುಳಿಯುವಷ್ಟರಲ್ಲಿ ಬಣವೆಯಿಂದ ಒಂದು ಸಿವುಡು ಭತ್ತ ಹೊತ್ತು ತಂದು ಕಂಬದ ಬುಡಕ್ಕೆ ಇಳಿಸಿದಳು. ಕಾಳು ಉದುರಿ ಚೆಲ್ಲಿತು.

ಯಾರೂ ಹೇಳಲಿಲ್ಲ. ಆದರೂ ಹತ್ತಿರ ನಿಂತಿದ್ದ ಇಬ್ಬರು ಆಟಗಾರರು ಹಿಂದೆ ಸರಿದರು. ಉಳಿದವರು ಒಬ್ಬೊಬ್ಬರಾಗಿ ಅಂಚಿಗೆ ಬಂದರು. ಬೆನಕಪ್ಪ ಸೀಟಿ ಊದಿದ. ಇನ್ನೊಮ್ಮೆ ಊದಿದ. ಕೊನೆಗೆ ತಾನೂ ತುದಿಗಾಲಲ್ಲಿ ನಡೆದು ಹೊರಗೆ ಬಂದ. ಅವನೂ ಒಕ್ಕಲು ಮನೆಯಲ್ಲಿ ಹುಟ್ಟಿದವನೇ.

ಅಷ್ಟರಲ್ಲಿ ಶಾಂತವೀರಪ್ಪನವರ ಕಾರು ಬಂತು. ಅವರು ಇಳಿದು, ನಡುವೆ ನೆಟ್ಟ ಮೇಟಿ ಕಂಡು, ಏನು ಎತ್ತ ಎಂದು ಕೇಳದೆ ಮೆಟ್ಟು ಬಿಟ್ಟರು. ಬಿಳಿ ಪಂಚೆ ಎತ್ತಿ ಹಿಡಿದು ನಿಧಾನವಾಗಿ ಕಣದೊಳಕ್ಕೆ ನಡೆದು, ಒಂದು ತೆನೆ ಎತ್ತಿ ಕಣ್ಣಿಗೊತ್ತಿಕೊಂಡರು.

ಕಲ್ಲಪ್ಪನ ಎದೆ ಹಗುರಾಯಿತು. ಇವರಿಗೆ ತಿಳಿಯುತ್ತದೆ, ಬೂಟು ಬಿಚ್ಚಿಸುತ್ತಾರೆ, ತಾನೇ ಕಂಬ ಕಿತ್ತು ಸಿವುಡು ತೆಗೆದುಬಿಡುತ್ತೇನೆ ಎಂದು ಹಾರೆ ಹಿಡಿದೇ ನಿಂತಿದ್ದ.

"ಕಾಳು ಕಣಕ್ಕ ಬಂದ್ ಮ್ಯಾಲೆ ಮುಗೀತ್ರಿ ಕಲ್ಲಪ್ನೋರ," ಎಂದರು ಶಾಂತವೀರಪ್ಪ. "ಲಕ್ಷ್ಮಿ ಇದ್ದಂಗ. ನಾವು ಎದುರಾಡಾಂಗಿಲ್ಲ."

"ಹೌದು ಬುದ್ಧಿ. ಬರಿಗಾಲಲ್ಲಿ ಆಡೋದಾದ್ರೆ ಈಗ್ಲೇ ತೆಗೀತೀನಿ. ಹುಡುಗ್ರು ಒಂಬತ್ ವರ್ಷ ಹಂಗೇ ಆಡಿದ್ದು."

"ಬರಿಗಾಲಾ?" ಸಾಹುಕಾರರು ಫೋಟೋದವನ ಕಡೆ ತಿರುಗಿ ನೋಡಿದರು. "ಬ್ಯಾಡ್ರಿ. ಗಿರಣಿ ಹೆಸರು ಹಾಕಿ ಬರಿಗಾಲು ತೋರಿಸಿದ್ರ ಜನ ಏನಂದಾರು? ಕೂಲಿ ಮಂದಿ ಅಂದಾರು." ಅಂಚಿಗೆ ಹೋಗಿ ಮೆಟ್ಟು ಹಾಕಿಕೊಳ್ಳುತ್ತ ಕೂಗಿದರು. "ಬೆನಕಾ, ಎಲ್ಲಾರನ್ನೂ ಲಾರಿ ಹತ್ಸು. ಸೊರಬದ ಮೈದಾನಕ್ಕ ನಡೀರಿ. ಇನ್ನ ಮ್ಯಾಲೆ ಈ ಊರ ಸುದ್ದಿ ಬ್ಯಾಡ."

ತೆನೆಯನ್ನು ಕಣ್ಣಿಗೊತ್ತಿಕೊಂಡ ಕೈ ಅದು. ಒಂದು ಭತ್ತದ ಹೊಟ್ಟು ಇನ್ನೂ ಅವರ ಹುಬ್ಬಿಗೆ ಅಂಟಿತ್ತು. ಬೆನಕಪ್ಪನ ಬೂಟು ಕಂಡು ಬಂದಿದ್ದ ಹೇಸಿಗೆ ಇದರ ಮುಂದೆ ಏನೂ ಅಲ್ಲವೆನ್ನಿಸಿ, ಕಲ್ಲಪ್ಪ ಬಾಯಲ್ಲಿ ಕೂಡಿದ ಉಗುಳನ್ನು ಕಣದಲ್ಲಿ ಉಗಿಯಲಾಗದೆ ನುಂಗಿಕೊಂಡ.

ಲಾರಿಯೂ ಹಾನಗಲ್ಲಿನವರ ಬಸ್ಸೂ ತಿರುಗುವಾಗ ಮಂಜಪ್ಪ ಹತ್ತಿರ ಬಂದ. ಅಂಚಿನ ಹೊರಗೇ ನಿಂತ.

"ಚಿಗಪ್ಪ, ಒಂದ್ ದಿನ ಸುಮ್ನಿರಕ್ಕಾಗ್ಲಿಲ್ವಾ ನಿಂಗೆ?"

"ನಿಂಗ್ ಒಂದ್ ದಿನ ಬಿಚ್ಚಕ್ಕಾಗ್ಲಿಲ್ವಾ?"

"ಬಿಚ್ಚಿದ್ರೆ ನಾಳೆ ಕೆಲ್ಸದಿಂದ ಬಿಚ್ತಾರೆ. ನೀ ಇಟ್ಕೊಂಡ್ ಸಾಕ್ತೀಯಾ ಹನ್ನೊಂದ್ ಜನನ್ನ?"

ದುರ್ಗಮ್ಮ, "ಒಂದ್ ತುತ್ತು ಉಂಡ್ಕೊಂಡ್ ಹೋಗೋ ಮಂಜಾ," ಎಂದಳು. ಅವನು ಇಲ್ಲ ಚಿಗವ್ವ ಎಂದು ತಲೆಯಾಡಿಸಿ ಲಾರಿಯತ್ತ ಓಡಿದ. ಅವನಿಗಿಂತ ಮೊದಲೇ ಗೋಪಾಲಪ್ಪ, ಬೆಂಚಿನವರು, ಅರ್ಧ ಊರು ಲಾರಿಯ ಹಿಂಬದಿಗೆ ಜೋತುಬಿದ್ದಿತ್ತು. ಮೆಟ್ಟು ಅದಲುಬದಲಾಗಿ ಹಾಕಿಕೊಂಡು ಹೋದವರೂ ಇದ್ದರು. ಹುಣಸೆಮರದ ಬುಡದಲ್ಲಿ ಯಾರದೋ ಒಂಟಿ ಮೆಟ್ಟು ಉಳಿದಿತ್ತು.

ಮಾರನೆಯ ಬೆಳಿಗ್ಗೆ ಕಲ್ಲಪ್ಪ ಹಸಿ ಕಣದಲ್ಲೇ ಒಕ್ಕಲಿಗೆ ಕೈಹಾಕಿದ. ಸಿವುಡುಗಳನ್ನು ಹರಡಿ ಎತ್ತು ಸುತ್ತಿಸಿದ. ಮತ್ತೊಮ್ಮೆ ಸಾರಿಸಿ ಒಣಗಿಸೋಣ ಎಂದು ದುರ್ಗಮ್ಮ ಹೇಳಿದ್ದಳು. ಯಾರಿಗೆ ಎಂದು ಅವನು ಕೇಳಿದ್ದ. ಮಧ್ಯಾಹ್ನ ಹುಲ್ಲು ಎತ್ತಿ ನೋಡಿದರೆ ಬೂಟಿನ ಗುಬ್ಬಿಗಳು ಕೊರೆದ ಒಂದೊಂದು ಗುಣಿಯಲ್ಲೂ ನಾಲ್ಕು ನಾಲ್ಕು ಕಾಳು ಕಚ್ಚಿಕೊಂಡಿತ್ತು. ಪೊರಕೆಗೆ ಬರಲಿಲ್ಲ. ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಬೆರಳಿಂದ ಒಂದೊಂದಾಗಿ ಕೀಳತೊಡಗಿದರು.

ಗೋಪಾಲಪ್ಪ ಬಂದು ಅಂಚಿನಲ್ಲಿ ನಿಂತ. ಒಂಟಿ ಮೆಟ್ಟು ಹುಡುಕಲು ಬಂದಿದ್ದ, ಅದು ಆಗಲೇ ಅವನ ಕೈಯಲ್ಲಿತ್ತು.

"ಥೂ, ಎಂತ ಆಟನಪ್ಪ ಅದು! ಆ ಜಲ್ಲೀಲಿ ಚೆಂಡೇ ನಿಲ್ಲಲ್ಲ. ಅಸಯ್ಯ. ಇನ್ಮೇಲೆ ನಾನಂತೂ ಆ ಟೀಮಿನ ಮುಖ..."

ಕಲ್ಲಪ್ಪ ಮುಂದಿನ ಗುಣಿಗೆ ಬೆರಳು ಹಾಕಿದ.

"ಗೆದ್ದಿದ್ಯಾರು ಅಂತ ಕೇಳಲ್ವೇನೋ?"

"ಮಂಜ ಬಿದ್ದು ಗಿದ್ದು ಮಾಡ್ಕೊಂಡ್ನಾ?" ಎಂದು ಕೇಳಿದವಳು ದುರ್ಗಮ್ಮ.

"ಇಲ್ಲಕ್ಕಾ. ಬೂಟು ಕಚ್ಚಿ ಹಿಮ್ಮಡಿ ಸುಲ್ದೋಗಿತ್ತು, ಅಷ್ಟೇ. ಕುಂಟ್ತಾ ಇದ್ದ."

ಕಲ್ಲಪ್ಪನ ಬೆರಳು ಗುಣಿಯಲ್ಲೇ ನಿಂತಿತು. ಆಮೇಲೆ ಅವನು ಇನ್ನೊಂದು ಕಾಳು ಕಿತ್ತು, ಮಣ್ಣು ಉಜ್ಜಿ, ಮೊರಕ್ಕೆ ಹಾಕಿದ. ಮಧ್ಯದಿಂದ ಗೋಲಿನ ಕಡೆಗೆ ಗುಣಿಗಳ ಸಾಲು ಇನ್ನೂ ಉದ್ದಕ್ಕೆ ಹೋಗಿತ್ತು.

"ಮೆಟ್ಟು ಸಿಕ್ತಲ್ಲ," ಎಂದ ಕಲ್ಲಪ್ಪ, "ನಡಿ."