ನೊರೆಯಿಲ್ಲದ ಬಾಟ್ಲಿ

ಪಕ್ಕದ ಮನೆಯ ಮಾತಿಗೆ ಕಿವಿ ಕೊಡುವ ಚಟ ಮಾಲಿನಿಗಿರಲಿಲ್ಲ. ಅವಳ ಚಟವೇ ಬೇರೆ. ಅರಸೀಕೆರೆ ಬಸ್‌ಸ್ಟ್ಯಾಂಡ್ ಹಿಂದಿನ ಲ್ಯಾಬಿನಲ್ಲಿ ಏಳು ವರ್ಷ ದುಡಿದ ಮೇಲೂ, ಕೈಗೆ ಬಂದ ಉಚ್ಚೆಯ ಬಾಟ್ಲಿಯನ್ನು ಬೆಳಕಿಗೆ ಹಿಡಿದು "ನಿನ್ನೊಳಗೇನಿದೆಯಪ್ಪಾ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಅದನ್ನೂ ಊಟದ ಹೊತ್ತಿಗೇ ಮಾಡುತ್ತಾಳೆಂದು ಜೊತೆಯವರು ಬೈಯುತ್ತಿದ್ದರು.

ಆ ಬುಧವಾರ ಅವಳನ್ನು ಕಾಡಿದ್ದು ಬಸಮ್ಮನ ಬಾಟ್ಲಿ. ಕಣಕಟ್ಟೆ ಕಡೆಯ ಬಸಮ್ಮನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ. ಮೂರು ವಾರಕ್ಕೊಮ್ಮೆ ಹಾಸನದಲ್ಲಿ ಇಂಜೆಕ್ಷನ್. ಅದಕ್ಕೆ ಮೊದಲು, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ಇಲ್ಲಿ ನೋಡಬೇಕು. ಸೋರಿಕೆ ಜಾಸ್ತಿಯಾದರೆ ಇಂಜೆಕ್ಷನ್ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇದುವರೆಗೆ ಪ್ರತಿ ಸಲವೂ ಸೊನ್ನೆ; ಪ್ರೋಟೀನ್ ಸೋರಿದರೆ ಏಳುವ ನೊರೆಯೂ ಇಲ್ಲ.

ಹಾಗಿದ್ದರೆ ಈ ಕಾಲೇಕೆ ಹೀಗೆ ಊದಿದೆ? ಚಪ್ಪಲಿಯ ಪಟ್ಟಿ ಬಸಮ್ಮನ ಪಾದದಲ್ಲಿ ಹೂತುಹೋಗಿತ್ತು. ನಿನ್ನೆಯ ರಕ್ತದ ರಿಪೋರ್ಟಿನಲ್ಲಿ ಪ್ರೋಟೀನ್ ಇಳಿದಿತ್ತು. ರಕ್ತದಲ್ಲಿಲ್ಲ, ಮೂತ್ರದಲ್ಲೂ ಇಲ್ಲ; ಹೋಯಿತೆಲ್ಲಿಗೆ? ಡಾಕ್ಟರು ಕೇಳಿದ್ದು ಪ್ರೋಟೀನ್ ಒಂದೇ ಆದರೂ, ಮಾಲಿನಿ ಹತ್ತು ಬಣ್ಣದ ಚೌಕಗಳಿರುವ ದೊಡ್ಡ ಪರೀಕ್ಷೆಯ ಪಟ್ಟಿಯನ್ನೇ ಬಾಟ್ಲಿಯಲ್ಲಿ ಅದ್ದಿದಳು. ಪ್ರೋಟೀನಿನ ಚೌಕ ಬಣ್ಣ ಬದಲಿಸಲಿಲ್ಲ. ಸಕ್ಕರೆಯ ಚೌಕ ಮಾತ್ರ ಕಡು ಕಂದು. ನಿನ್ನೆಯ ರಕ್ತದಲ್ಲಿ ಬಸಮ್ಮನಿಗೆ ಸಕ್ಕರೆ ಕಾಯಿಲೆಯ ಸುಳಿವೇ ಇರಲಿಲ್ಲವಲ್ಲ!

ಹೊರಗೆ ಬೆಂಚಿನ ಮೇಲಿದ್ದ ಗಂಡ ದೇವೀರಪ್ಪ ಮೂರನೇ ಸಲ ನೀರು ಕೇಳಿದ. "ಬೆಳಗ್ಗಿಂದ ಗಂಟ್ಲು ಆರ್ತಾನೇ ಐತೆ ಕಣಮ್ಮ," ಎಂದ.

ಮಾಲಿನಿ ಬಸಮ್ಮನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ಈ ಬಾಟ್ಲೀಲಿರೋದು ನಿಮ್ದಲ್ಲ. ಕೊಟ್ಟೋರು ಯಾರು ಅಂತ ನಾನು ಕೇಳಲ್ಲ. ಆದ್ರೆ ಅವರಿಗೆ ಸಕ್ಕರೆ ಕಾಯಿಲೆ ಇರೋ ಹಾಗಿದೆ. ಇವತ್ತೇ ಡಾಕ್ಟ್ರನ್ನ ಕಾಣ್ಬೇಕು."

ತಾನು ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯ ಇಂಜೆಕ್ಷನ್ ಸಿಗುತ್ತದೆಂದು ಬಸಮ್ಮನಿಗೆ ಗೊತ್ತಿತ್ತು. ಅವಳು ಗಂಡ ಕೂತಿದ್ದ ಬಾಗಿಲ ಕಡೆ ನೋಡಿದಳು.

"ಅವರ್ದು ಕಣವ್ವ. ಇಬ್ರುದೂ ಬೇಕಂತೆ ಅಂತ ಸುಳ್ಳೇಳಿ ಇಸ್ಕತಿದ್ದೆ. ನಂದು ಬರೀ ನೊರೆ. ಸೂಜಿಯಿಂದ ಗಡ್ಡೆ ಕರಗ್ತಾ ಐತಂತೆ, ಈಗ ನಿಲ್ಲಿಸ್ಬಿಟ್ರೆ? ಗಡ್ಡೆಗಾಕೋ ಸೂಜಿ ಕಿಡ್ನಿಗ್ಯಾಕೆ ಹೊಡೀತದೆ, ಹೇಳು!"

ಈ ಪ್ರಶ್ನೆಯನ್ನು ಮಾಲಿನಿಯೂ ಹಿಂದೆ ಕೇಳಿ, ಹುಡುಕಿ ಓದಿದ್ದಳು.

"ಗಡ್ಡೆ ಬೆಳೆಯೋಕೆ ರಕ್ತ ಬೇಕಲ್ವಾಮ್ಮ? ಗ್ರೋತ್ ಫ್ಯಾಕ್ಟರ್ ಅಂತ ಬೆಳೆಸೋ ಅಂಶ ಒಂದನ್ನ ಬಿಟ್ಟು, ರಕ್ತನಾಳಗಳನ್ನ ತನ್ನ ಕಡೆ ಬೆಳೆಸ್ಕೊಳ್ಳುತ್ತೆ. ನಿಮ್ಮ ಇಂಜೆಕ್ಷನ್ ಅದನ್ನ ಕಟ್ಟಿಹಾಕುತ್ತೆ. ಆದ್ರೆ ಕಿಡ್ನಿಯೊಳಗಿನ ಜರಡಿ ಗಟ್ಟಿಯಾಗಿರೋದೂ ಆ ಅಂಶದಿಂದ್ಲೇ. ಅದು ಸಿಗ್ದಿದ್ರೆ ಜರಡಿ ಹಾಳಾಗಿ, ಉಳೀಬೇಕಾದ ಪ್ರೋಟೀನೂ ಕೆಳಕ್ಕೆ ಹೋಗುತ್ತೆ."

"ಕಳೆಗೆ ಅಂತ ಔಷ್ದಿ ಹೊಡುದ್ರೆ ರಾಗಿ ಪೈರೂ ಬಾಡ್ದಂಗೆ."

"ಹೂಂ."

"ನಿಲ್ಲಿಸ್ತಾರಾ?"

"ಗೊತ್ತಿಲ್ಲಮ್ಮ. ಸ್ವಲ್ಪ ದಿನ ತಡೀಬೋದು. ಸೋರಿಕೆ ಇಳಿದ್ಮೇಲೆ ಕೆಲವರಿಗೆ ಮತ್ತೆ ಕೊಡ್ತಾರೆ. ಡಾಕ್ಟ್ರಿಗೆ ಸೋರಿಕೆ ಗೊತ್ತಾಗ್ದೇ ಕೊಡ್ತಾ ಹೋದ್ರೆ ಮಾತ್ರ ಕಿಡ್ನಿಗೇ ಕುತ್ತು."

ಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಚಾಚಿದಳು. "ಇನ್ನೊಂದು ಬಾಟ್ಲಿ ಕೊಡು."

ಅವಳು ತಂದ ಬಾಟ್ಲಿಯಲ್ಲಿ ನೊರೆ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಮಾಲಿನಿ ಅದನ್ನು ಬೆಳಕಿಗೆ ಹಿಡಿದಳು, ಏನೂ ಕೇಳಲಿಲ್ಲ.

ಬಸಮ್ಮ ಬಾಗಿಲು ತೆರೆದಳು. "ರೀ, ಒಳಕ್ ಬನ್ನಿ. ಅಂಗಿ ತೋಳು ಮಡಿಚ್ಕಳಿ, ರಕ್ತ ಕೊಡ್ಬೇಕು."

"ಕಾಯ್ಲೆ ನಿಂದು, ಸೂಜಿ ನಂಗ್ಯಾಕೆ?" ದೇವೀರಪ್ಪ ನಗುತ್ತಲೇ ಎದ್ದ.

"ಇಷ್ಟು ದಿನ ನಿಮ್ದನ್ನ ನಂದು ಅಂತ ಕೊಟ್ಟೆ," ಎಂದಳು ಬಸಮ್ಮ. "ಇವತ್ತಿಂದ ನಿಮ್ದು ನಿಮ್ಮ ಹೆಸ್ರಲ್ಲೇ ಇರ್ಲಿ."